ದುರ್ಗಕ್ಕನ ಹೊಳೆಯಾಚೆಯ ಸಂಬಂಧಗಳು

ದುರ್ಗಕ್ಕ ಯಾರ ಮನೆಗೆ ಹೋದರೂ ಮೊದಲು ಕೊಟ್ಟಿಗೆಗೆ ಹೋಗುತ್ತಿದ್ದಳು. ಜಗಲಿಗೆ ಬರುವುದು ಆಮೇಲೆ. ಮದುವೆಮನೆಯಾಗಲಿ, ಬಾಣಂತಿಯನ್ನು ನೋಡಲು ಹೋದ ಮನೆಯಾಗಲಿ, ಈ ಕ್ರಮ ತಪ್ಪುತ್ತಿರಲಿಲ್ಲ. ದನಗಳ ಬೆನ್ನು ಸವರಿ, ಬಗ್ಗಿ ಕೆಚ್ಚಲು ನೋಡಿ, ಬಾಲವನ್ನೊಮ್ಮೆ ಎತ್ತಿ ಇಳಿಸಿ, ಕಾಲು ತೊಳೆದುಕೊಂಡು ಒಳಗೆ ಬಂದು "ಎಲ್ಲಾ ಆರಾಮಾ?" ಎಂದು ಕೇಳುವಳು. ಅಷ್ಟು ಹೊತ್ತಿಗೆ ಆ ಮನೆಯ ಆರಾಮು ಎಷ್ಟೆಂದು ಅವಳಿಗೆ ಅರ್ಧ ತಿಳಿದಿರುತ್ತಿತ್ತು.

ನಾನು ಹೊನ್ನಾವರದ ಬಳಿಯ ಮಂಕಿಗೆ ಸೊಸೆಯಾಗಿ ಬಂದದ್ದು ನಮ್ಮ ಜಿಲ್ಲೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಒಂದೆರಡು ವರ್ಷಗಳಲ್ಲಿ. ನಾನು ಕುಮಟೆ ಪೇಟೆಯ ದರ್ಜಿಯ ಮಗಳು. ಹಾಲು ಎಂದರೆ ಬೆಳಿಗ್ಗೆ ಬಾಗಿಲಿಗೆ ಬರುವ ಹಿತ್ತಾಳೆ ತಂಬಿಗೆ ಎಂದಷ್ಟೇ ಗೊತ್ತಿದ್ದವಳು. ಮದುವೆಯಾದ ಮೂರನೆಯ ದಿನ ಪಕ್ಕದ ಮನೆಯ ದುರ್ಗಕ್ಕ ಹೊಸ ಮದುಮಗಳನ್ನು ನೋಡಲು ಬಂದಳು. ಕೊಟ್ಟಿಗೆ ಮುಗಿಸಿ ನನ್ನ ಹತ್ತಿರ ಬಂದು, ಬೆನ್ನು ಸವರುವುದೊಂದನ್ನು ಬಿಟ್ಟು ಉಳಿದೆಲ್ಲ ರೀತಿಯಲ್ಲೂ ಪರೀಕ್ಷಿಸಿದಳು.

"ನಿನ್ನ ಅವ್ವಂಗೆ ಎಷ್ಟ್ ಮಕ್ಳು ತಂಗೀ?"

"ಆರು."

"ಎಲ್ಲಾ ಗಟ್ಟಿ ಇದ್ದೋ?"

"ಹೌದು."

"ಅಜ್ಜಿ ಇದ್ದಾಳಾ?"

"ಇದ್ದಾಳೆ. ಈಗಲೂ ತಾನೇ ಬಾವಿಯಿಂದ ನೀರು ಸೇದುತ್ತಾಳೆ."

ದುರ್ಗಕ್ಕ ನನ್ನ ಅತ್ತೆಯ ಕಡೆ ತಿರುಗಿ, "ಅಡ್ಡಿಲ್ಲ, ಒಳ್ಳೆ ತಳಿ" ಎಂದು ಸರ್ಟಿಫಿಕೇಟು ಕೊಟ್ಟಳು. ನನಗೆ ಅಳು ಬರುವುದರಲ್ಲಿತ್ತು. ಅತ್ತೆ ಮಾತ್ರ ಬಹಳ ಸಂತೋಷಪಟ್ಟರು. ಊರಿನಲ್ಲಿ ಆ ಮಾತಿಗೆ ಎಷ್ಟು ಬೆಲೆಯಿದೆ ಎಂದು ನನಗೆ ತಿಳಿದದ್ದು ಮುಂದೆ.

ದುರ್ಗಕ್ಕ ಗಿಡ್ಡ ಆಳು, ಸ್ವರ ಮಾತ್ರ ಉದ್ದ. ಗದ್ದೆಯ ಆಚೆ ಅಂಚಿನಲ್ಲಿ ನಿಂತು ಪಿಸುಮಾತಾಡಿದರೂ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಗಂಡ ಮಾಸ್ತಪ್ಪ ಇದಕ್ಕೆ ಸರಿಯಾಗಿ ಮಾತೇ ಆಡದ ಮನುಷ್ಯ. ಮಕ್ಕಳಿಬ್ಬರಿಗೂ ಮದುವೆಯಾಗಿ ಬೇರೆ ಊರಲ್ಲಿದ್ದರು. ಎರಡು ತುಂಡು ಗದ್ದೆ, ಹತ್ತಾರು ತೆಂಗಿನ ಮರ, ಕೆಂಪಿ ಎಂಬ ಒಂದು ಆಕಳು. ಮನೆಯ ಎಣ್ಣೆ, ಉಪ್ಪು, ಬಟ್ಟೆಯೆಲ್ಲ ಕೆಂಪಿಯ ಹಾಲು ಮತ್ತು ಅದರ ಕರುಗಳ ಮಾರಾಟದ ಮೇಲೆ ನಡೆಯುತ್ತಿತ್ತು. ಆದ್ದರಿಂದ ಕೆಂಪಿ ಯಾವ ಹೋರಿಯ ಕರು ಹಾಕುತ್ತದೆ ಎನ್ನುವುದು ಆ ಮನೆಯ ದೊಡ್ಡ ರಾಜಕಾರಣ.

ಊರಿನಲ್ಲಿದ್ದ ಒಳ್ಳೆಯ ಹೋರಿ ಒಂದೇ, ಪಟೇಲರ ಮನೆಯ ರಾಜ. ನೋಡಲು ನಿಜವಾಗಿಯೂ ರಾಜನೇ. ಬಿಲ್ಲಿನಂತೆ ಬಾಗಿದ ಕೊಂಬು, ಎಣ್ಣೆ ಹಚ್ಚಿದಂಥ ಕಪ್ಪು ಮೈ, ಕುತ್ತಿಗೆಯಲ್ಲಿ ಗೆಜ್ಜೆಸರ. ಊರವರೆಲ್ಲ ತಮ್ಮ ದನಗಳನ್ನು ಅದರ ಬಳಿಗೇ ಹೊಡೆದುಕೊಂಡು ಹೋಗುತ್ತಿದ್ದರು. ಅದಕ್ಕೆ ಹುಟ್ಟಿದ ಕರುಗಳೂ ಚಂದ. ಮಾರಲು ನಿಲ್ಲಿಸಿದರೆ ಗಿರಾಕಿಯ ಕಣ್ಣು ಮೊದಲು ಅವುಗಳ ಮೇಲೇ ಬೀಳುತ್ತಿತ್ತು. ಆದರೆ ಆ ಕಡಸುಗಳು ಬೆಳೆದು ಕರು ಹಾಕಿದ ಮೇಲೆ ಕೊಂಡವರು ಎರಡನೆಯ ಸಲ ಮಂಕಿಯ ಕಡೆ ತಲೆಹಾಕುತ್ತಿರಲಿಲ್ಲ. ಒಂದು ಚೊಂಬು ಹಾಲಿಗೆ ಎರಡು ಚೊಂಬು ಒದೆತ.

ಇದನ್ನು ಗಮನಿಸಿದವಳು ದುರ್ಗಕ್ಕ. "ರಾಜನ ತಾಯಿನ ನಾ ಕರ್ದಿದ್ದೆ ಮಾರಾಯ್ತಿ, ಪಟೇಲ್ರ ಹೆಂಡ್ತಿ ಬಾಣಂತನದಾಗೆ. ಬೆಕ್ಕಿಗೆ ಸಾಲೂದಿಲ್ಲಾಗಿತ್ತು ಅದರ ಹಾಲು. ತಾಯಿ ಕೊಡದೆ ಇದ್ದದ್ದು ಮಗ ಎಲ್ಲಿಂದ ತಂದು ಮಗಳಿಗೆ ಕೊಡೂದು?" ಎಂದು ನನ್ನ ಬಳಿ ಹೇಳಿದ್ದಳು.

ಅದೇ ಹೊತ್ತಿಗೆ ಹೊನ್ನಾವರದ ದನದ ಆಸ್ಪತ್ರೆಗೆ ಸರ್ಕಾರದವರು ಹೆಚ್ಚು ಹಾಲಿನ ಸಿಂಧಿ ತಳಿಯ ಹೋರಿಯೊಂದನ್ನು ತಂದು ಕಟ್ಟಿದ್ದಾರೆಂಬ ಸುದ್ದಿ ಬಂತು. ದುರ್ಗಕ್ಕ ಬಸ್ಸು ಹತ್ತಿ, ಶರಾವತಿ ದಾಟಿ, ಹೋಗಿ ನೋಡಿ ಬಂದಳು. ಬಂದವಳೇ ತೀರ್ಮಾನ ಹೇಳಿದಳು: "ಬಣ್ಣ ಗೇರುಹಣ್ಣಿನ ಹಂಗೆ. ಕೊಂಬು ಗಿಡ್ಡ. ಮುಖದಾಗೆ ಸಿಟ್ಟಿಲ್ಲ. ಕೆಂಪಿಗೆ ಅದೇ ಆತು."

ಸುದ್ದಿ ಪಟೇಲರಿಗೆ ಮುಟ್ಟಿತು. ಅವರಿಗೆ ಮನೆಯ ಮಗನನ್ನೇ ಯಾರೋ ಬೇಡವೆಂದಷ್ಟು ನೋವಾಯಿತು. ಗದ್ದೆಯ ಅಂಚಿನಲ್ಲಿ ಅಡ್ಡಗಟ್ಟಿ ಕೇಳಿದರು:

"ದುರ್ಗೀ, ನಮ್ಮ ರಾಜಂಗೆ ಎಂತ ಕಮ್ಮಿ ಆತು?"

"ಹುಡುಗ ಬಂಗಾರ ಪಟೇಲ್ರೇ. ಮನೆತನ ಹೊಂದೂದಿಲ್ಲ ಅಷ್ಟೇಯ."

ಪಟೇಲರು ಅಂದಿನಿಂದ ಅವಳೊಡನೆ ಮಾತು ಬಿಟ್ಟರು.

ಕೆಂಪಿ ಬೆದೆಗೆ ಬಂದದ್ದು ಒಂದು ಬೆಳಗಿನ ಜಾವ. ಬೆದೆ ಇಳಿಯುವ ಮೊದಲೇ ಹೊನ್ನಾವರ ಮುಟ್ಟಬೇಕು. ದುರ್ಗಕ್ಕ ನಮ್ಮ ಅಂಗಳಕ್ಕೆ ಬಂದು ಅತ್ತೆಗೆ ಕೂಗಿ ಹೇಳಿದಳು: "ಸೊಸೆನ ಕಳ್ಸು. ಹೊಳೆ ದಾಟಿದ್ರೆ ಕುಮಟೆ ಬಸ್ಸು ಸಿಕ್ತದೆ, ತವರಿಗೂ ಹೋಗಿ ಬರ್ಲಿ." ತವರು ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಸೀರೆ ಬದಲಾಯಿಸಿ ಸಿದ್ಧಳಾದೆ. ಕೆಂಪಿಯನ್ನು ಹಿಂದಿನಿಂದ ಹೊಡೆಯುವ ಕೆಲಸ ನನಗೆ ಬೀಳುತ್ತದೆಂದು ಆಗ ಹೊಳೆಯಲಿಲ್ಲ.

ಕಾಸರಕೋಡಿನವರೆಗೆ ನಡೆದೆವು. ಕೆಂಪಿ ದಾರಿಯುದ್ದಕ್ಕೂ ಕೂಗಿತು. ಎದುರು ಬಂದವರೆಲ್ಲ "ಎಲ್ಲಿಗೆ ಹೊಡ್ಕೊಂಡು ಹೋಗೂದು?" ಎಂದು ಕೇಳುವುದು, ದುರ್ಗಕ್ಕ ಊರಿಗೆಲ್ಲ ಕೇಳುವ ಸ್ವರದಲ್ಲಿ ವಿವರವಾಗಿ ಉತ್ತರ ಕೊಡುವುದು, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದು. ಹೀಗೇ ಹೊಳೆಯ ದಂಡೆಗೆ ಬಂದೆವು. ಆಗ ಸೇತುವೆ ಇರಲಿಲ್ಲ. ಆಚೆ ದಡದ ಹೊನ್ನಾವರಕ್ಕೆ ತಾರಿಯ ದೋಣಿಯಲ್ಲೇ ಹೋಗಬೇಕು. ತಾರಿಯವನು ಕೆಂಪಿಯನ್ನು ಕಂಡು ಕೈ ಅಡ್ಡ ಹಿಡಿದ.

"ಬೆದೆಗೆ ಬಂದ ದನ ಹತ್ತಿಸೂದಿಲ್ಲ. ದೋಣಿ ಮಗುಚ್ತದೆ."

"ನಿನ್ನ ಮದುವೆ ದಿನ ನಿನ್ನನ್ನ ದೋಣಿಯಾಗೆ ದಾಟ್ಸಿದ್ರೋ ಇಲ್ವೋ? ಇದಕ್ಕೂ ಇವತ್ತೇ ಮುಹೂರ್ತ. ತಪ್ಪಿದ್ರೆ ಮೂರು ವಾರ ಕಾಯ್ಬೇಕು. ಹತ್ತಿಸು."

ದೋಣಿಯಲ್ಲಿದ್ದ ಮೀನಿನ ಹೆಂಗಸರು ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟು, "ಬಾ ಬಾ, ಮದುಮಗಳನ್ನ ಕೂರ್ಸು" ಎಂದರು. ತಾರಿಯವನ ಮಾತು ಅಲ್ಲಿಗೆ ಸೋತಿತು. ಹೊಳೆಯ ನಡುವೆ ಬರುವಾಗ ಕೆಂಪಿ ಕೂಗುವುದನ್ನು ನಿಲ್ಲಿಸಿತು. ಏನಾಯಿತೆಂದು ತಿರುಗಿ ನೋಡಿದರೆ, ಕೋರ್ಟಿಗೆ ಹೊರಟಿದ್ದ ಕರಿಕೋಟಿನ ವಕೀಲರೊಬ್ಬರ ಭುಜದ ಮೇಲೆ ಗದ್ದ ಊರಿ, ಅರ್ಧ ಕಣ್ಣು ಮುಚ್ಚಿ ನಿಂತಿತ್ತು. ಪಾಪ, ಅವರು ಅಲುಗಾಡಿದರೆ ದೋಣಿ ಅಲುಗುತ್ತದೆ. ಅಲುಗಾಡದಿದ್ದರೆ ಕೋಟಿನ ಮೇಲೆ ಜೊಲ್ಲು. ಆಚೆ ದಡದವರೆಗೂ ಕಂಬದ ಹಾಗೆ ನಿಂತರು. ದುರ್ಗಕ್ಕ ಇಳಿಯುವಾಗ ಅವರಿಗೆ ಕೈಮುಗಿದು, "ತಪ್ಪು ತಿಳೀಬೇಡಿ ವಕೀಲ್ರೇ, ಅದಕ್ಕೆ ಇವತ್ತು ಮನಸ್ಸು ಸರಿ ಇಲ್ಲ" ಎಂದಳು. ವಕೀಲರೇ ಮೊದಲು ನಕ್ಕರು. ಆಮೇಲೆ ಇಡೀ ದೋಣಿ ನಕ್ಕಿತು.

ಆಸ್ಪತ್ರೆಯಲ್ಲಿ ಕೆಲಸ ಸುಸೂತ್ರವಾಗಿ ಮುಗಿಯಿತು. ನಾನು ಅಷ್ಟು ಹೊತ್ತೂ ರಸ್ತೆಯ ಕಡೆ ಮುಖ ಮಾಡಿ ನಿಂತು ಹೋಗಿಬರುವ ಗಾಡಿಗಳನ್ನು ನೋಡಿದೆ. ದುರ್ಗಕ್ಕ ಹೋರಿಯ ಹಣೆಗೆ ಕುಂಕುಮವಿಟ್ಟು, ಮನೆಯಿಂದ ತಂದ ಬೆಲ್ಲ ತಿನ್ನಿಸಿ ಬಂದಳು. ನಾನು ಕುಮಟೆ ಬಸ್ಸು ಹತ್ತಿದೆ, ಅವಳು ಕೆಂಪಿಯೊಡನೆ ದೋಣಿ ಹತ್ತಿದಳು.

ಒಂಬತ್ತು ತಿಂಗಳು ಊರೇ ಕಾಯಿತು. ಕೆಂಪಿ ಹೋರಿಕರು ಹಾಕಿತು.

ಪಟೇಲರು ಮಾತು ಬಿಟ್ಟಿದ್ದನ್ನು ಮರೆತು, ಸಂತೋಷ ತಡೆಯಲಾರದೆ ತಾವೇ ನೋಡಲು ಬಂದರು. ಕರು ಬೆಳೆಯಿತು, ದೊಡ್ಡದಾಗಿಯೇ ಬೆಳೆಯಿತು. ಆದರೆ ನಮ್ಮ ಕೆಸರು ಗದ್ದೆಗೆ ಬೇಕಾದದ್ದು ಗಿಡ್ಡ ಚುರುಕು ಎತ್ತು. ಇದನ್ನು ಗದ್ದೆಗೆ ಇಳಿಸಿದರೆ ಹೊಟ್ಟೆಯವರೆಗೆ ಹೂತು, ನೆಮ್ಮದಿಯಿಂದ ಮೆಲುಕು ಹಾಕುತ್ತ ನಿಂತುಬಿಡುತ್ತಿತ್ತು. ಉಳುಮೆಗೆ ಎತ್ತು ಕೊಳ್ಳುವವರು ಬಂದು ನೋಡಿ, ಆಡಿನ ಬೆಲೆ ಕೇಳಿ ಹೋದರು. ಯಾವ ಸಂಬಂಧಕ್ಕಾಗಿ ಹೊಳೆ ದಾಟಿದಳೋ ಅದೇ ಸಂಬಂಧ ಅವಳ ಕರುವಿನ ಬೆಲೆ ಇಳಿಸಿತ್ತು. ಆ ವರ್ಷ ದುರ್ಗಕ್ಕನ ಮನೆಯಲ್ಲಿ ಹೊಸ ಬಟ್ಟೆ ಬರಲಿಲ್ಲ. ಮಾಸ್ತಪ್ಪ ಬಾಯಿ ತೆರೆದು ಆಡಿದ ಒಂದು ಮಾತು ನನಗೆ ನೆನಪಿದೆ: "ಇನ್ನು ರಾಜನೇ ಸಾಕು."

ದುರ್ಗಕ್ಕ ಕರುವನ್ನು ಹೊಡೆದುಕೊಂಡು ಹೊಳೆಯಾಚೆಯ ಹಳದೀಪುರದ ಕಡೆಗೆ ಹೊರಟಳು. ಅಲ್ಲೊಂದು ಎಣ್ಣೆಗಾಣ. ಗಾಣದವನಿಗೆ ಬೇಕಾದದ್ದು ಭಾರವಾದ, ಅವಸರವಿಲ್ಲದ, ಸುತ್ತಿದ್ದೇ ಸುತ್ತಿದರೂ ಬೇಸರಪಡದ ಎತ್ತು. "ಇದರ ಸೋಮಾರಿತನಕ್ಕೆ ನೀನು ಸರಿಯಾದ ಬೆಲೆ ಕೊಡ್ಬೇಕು" ಎಂದು ವಾದಿಸಿ, ಉಳುಮೆಯ ಎತ್ತಿನ ಬೆಲೆಗೇ ಮಾರಿ ಬಂದಳು. ಬಂದವಳು ಮಾಸ್ತಪ್ಪನಿಗೆ ಒಂದು ಪಂಚೆ ಕೊಟ್ಟು, "ಇನ್ನೊಂದು ಸಲ ಹೊಳೆ ದಾಟ್ತೆ" ಎಂದಳು. ಪಂಚೆ ಉಟ್ಟ ಮೇಲೆ ಅವನು ಏನು ಹೇಳಿಯಾನು?

ಎರಡನೆಯ ಸಲ ಹೆಣ್ಣುಕರು. ಗೇರುಹಣ್ಣಿನ ಬಣ್ಣ, ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು. ಹೊಳೆಗೌರಿ ಎಂದು ಹೆಸರಿಟ್ಟಳು. ಅದು ಬೆಳೆದು ಕರು ಹಾಕಿದಾಗ ನಮ್ಮ ಕೇರಿಯ ಹೆಂಗಸರೆಲ್ಲ ಹಾಲು ಕರೆಯುವುದನ್ನು ನೋಡಲು ಹೋದೆವು. ಚೊಂಬು ತುಂಬಿ, ತಪ್ಪಲೆ ತಂದು, ತಪ್ಪಲೆಯೂ ತುಂಬಿತು. ನಮ್ಮ ಹಿಂದೆ, ಸೆರಗು ಬಾಯಿಗೆ ಹಿಡಿದು ನಿಂತಿದ್ದವರು ಪಟೇಲರ ಹೆಂಡತಿ ಸುಬ್ಬಮ್ಮ.

ಭಟ್ಕಳದ ನವಾಯತ ಮುಸಲ್ಮಾನ ಸಾಹೇಬರೊಬ್ಬರು ಹೊಳೆಗೌರಿಯನ್ನು ಕೊಳ್ಳಲು ಬಂದರು. ತುಂಬಿದ ಮನೆ, ಮೊಮ್ಮಕ್ಕಳ ದಂಡು, ಒಳ್ಳೆಯ ಹಾಲಿನ ಆಕಳು ಬೇಕಿತ್ತು. ಅವರು ದನ ನೋಡುವ ಮೊದಲು ದುರ್ಗಕ್ಕ ಅವರನ್ನು ನೋಡಿದಳು. ಕರೆಯುವವರು ಯಾರು, ಕೊಟ್ಟಿಗೆಗೆ ಗಾಳಿ ಇದೆಯೇ, ಮೊಮ್ಮಕ್ಕಳು ಬಾಲ ಎಳೆಯುವವರೇ, ಎಲ್ಲ ಕೇಳಿದಳು. ಆಮೇಲೆ ತಾನಾಗಿಯೇ ಹೇಳಿದಳು: "ಒಂದು ದೋಷ ಇದೆ ಸಾಯ್ಬ್ರೇ. ಎಡಗಡೆ ಕೂತು ಕರೆದ್ರೆ ಒದೀತದೆ. ಇದರ ಅಜ್ಜಿಗೂ ಹಂಗೇ ಇತ್ತು. ಬಲಗಡೆ ಕೂರ್ಬೇಕು."

ಮಾಸ್ತಪ್ಪ ತಲೆ ಚಚ್ಚಿಕೊಂಡ. ಸಾಹೇಬರು ಮಾತ್ರ ಗಡ್ಡ ನೀವಿಕೊಂಡು, "ದನ ಮಾರುವವರು ದೋಷ ಹೇಳುವುದು ನಾನು ಈಗಲೇ ಕಂಡದ್ದು" ಎಂದು ಕೇಳಿದ ಬೆಲೆ ಕೊಟ್ಟರು. ಅದೇ ವಾರ ರಾಜನಿಗೆ ಹುಟ್ಟಿದ ಚಂದದ ಆಕಳೊಂದು ಮಾರಾಟವಾಗಿತ್ತು. ಅಂಥವು ಮೂರು ಸೇರಿದರೆ ಒಂದು ಹೊಳೆಗೌರಿಯ ಬೆಲೆಯಾಗುತ್ತಿತ್ತು.

ಇದಾದ ಸ್ವಲ್ಪ ಕಾಲಕ್ಕೆ ಪಟೇಲರು ಜಮೀನಿನ ಮೊಕದ್ದಮೆಗೆಂದು ಕಾರವಾರಕ್ಕೆ ಹೋದರು. ಅವರ ಬಸ್ಸು ತಿರುವು ದಾಟಿತೋ ಇಲ್ಲವೋ, ಸುಬ್ಬಮ್ಮ ಹಿತ್ತಲಿನಿಂದ ದುರ್ಗಕ್ಕನ ಮನೆಗೆ ಬಂದರು. ನಾನು ಅಲ್ಲೇ ಹಲಸಿನ ಬೀಜ ಸುಲಿಯುತ್ತ ಕೂತಿದ್ದೆ.

"ನಮ್ಮನೆ ಕಾಳಿ ಇವತ್ತು ಬೆದೆಗೆ ಬಂದದೆ ದುರ್ಗಿ. ಹೊಳೆ ದಾಟ್ಸಿ ತರ್ತ್ಯಾ?"

"ಮನೆಯಾಗೇ ರಾಜ ಇದ್ದಾನಲ್ಲ, ಅಮ್ಮ?"

"ರಾಜನ ಮಕ್ಕಳ ಹಾಲು ನಾ ಎಷ್ಟೋ ವರ್ಷದಿಂದ ಕರೀತಾ ಇದ್ದೆ" ಎಂದರು ಸುಬ್ಬಮ್ಮ ಬೇಸರದಿಂದ. "ಅವ್ರಿಗೆ ಗೊತ್ತಾಗೂದು ಬೇಡ."

ದುರ್ಗಕ್ಕ ಮಾತು ಕೊಟ್ಟಳು. ಕಾಳಿ ಹೊಳೆ ದಾಟಿ ಸಂಜೆಗೆ ಮರಳಿತು. ಪಟೇಲರು ಮರುದಿನ ಬಂದರು. ಕಾಲ ಕೂಡಿ ಬಂದು, ಕಡುಕಪ್ಪು ಕಾಳಿಯ ಹೊಟ್ಟೆಯಿಂದ ಗೇರುಹಣ್ಣಿನ ಬಣ್ಣದ ಹೆಣ್ಣುಕರು ಹುಟ್ಟಿತು.

ಪಟೇಲರು ಹಿಗ್ಗಿದ್ದೇ ಹಿಗ್ಗಿದ್ದು. ಬಂದವರಿಗೆಲ್ಲ ಕರುವನ್ನು ತೋರಿಸಿ, "ನಮ್ಮ ಅಜ್ಜನ ಕಾಲದಾಗೆ ಒಂದು ಕೆಂಪು ಆಕಳಿತ್ತು. ಆ ಬಣ್ಣ ರಾಜನ ಮೈಯಾಗೆ ಅಡಗಿತ್ತು, ಈಗ ಹೊರಗೆ ಬಂತು ನೋಡು. ಹಣೆ ನೋಡು, ರಾಜಂದೇ ಹಣೆ!" ಎನ್ನುವರು. ಊರಿಗೆಲ್ಲ ಗುಟ್ಟು ತಿಳಿದಿತ್ತು, ತಿಳಿಯದಿದ್ದವರು ಅವರೊಬ್ಬರೇ. ಎಲ್ಲರೂ ಹಣೆ ನೋಡಿ, ತುಟಿ ಕಚ್ಚಿಕೊಂಡು, "ಹೌದು ಹೌದು" ಎಂದು ಬೇಗ ಬೇಗ ಹೊರಡುತ್ತಿದ್ದರು.

ನಗದೆ ಇದ್ದವಳು ದುರ್ಗಕ್ಕ ಒಬ್ಬಳೇ. ಯಾಕೆಂದು ನಾನೊಮ್ಮೆ ಕೇಳಿದೆ.

"ನಾಳೆ ಅದನ್ನ ಮಾರೂಕೆ ತೆಗೀತ್ರು. ಇನ್ನೂ ಕರು ಹಾಕದ ಕಡಸು, ಹಾಲು ನೋಡಿ ಕೊಳ್ಳೂಕೆ ಆಗೂದಿಲ್ಲ. ಅಪ್ಪ ಯಾರು ಅಂತ ಕೇಳ್ತ್ರು. ಯಾರ ಹತ್ರ ಕೇಳ್ತ್ರು? ನನ್ನ ಹತ್ರ" ಎಂದಳು.

ಅವಳೆಂದಂತೆಯೇ ಆಯಿತು. ಕಡಸಿಗೆ ಎರಡು ವರ್ಷ ತುಂಬುವಷ್ಟರಲ್ಲಿ ಭಟ್ಕಳದ ಅದೇ ಸಾಹೇಬರು, ಮಗಳ ಮನೆಗೆ ಇನ್ನೊಂದು ದನ ಬೇಕೆಂದು ಬಂದರು. ಪಟೇಲರ ಜಗಲಿಯಲ್ಲಿ ಎಳನೀರು, ಎಲೆ ಅಡಿಕೆ ಆಯಿತು. ಸಾಹೇಬರೇ ಹೇಳಿ ಕಳಿಸಿದ್ದರಿಂದ ದುರ್ಗಕ್ಕ ಬಂದು ಅಂಗಳದ ಕಂಬಕ್ಕೆ ಒರಗಿ ನಿಂತಳು. ಅವಳ ಬೆನ್ನಿಗೆ ನಾವು ನಾಲ್ಕಾರು ಜನ.

ಪಟೇಲರು ರಾಜನ ವಂಶಾವಳಿ ಹೇಳಿ ಮುಗಿಸಿದರು. ಸಾಹೇಬರು ಕೇಳಿಸಿಕೊಂಡು, ಕಡಸಿನ ಜೋಲು ಗಂಗೆದೊಗಲನ್ನು ಮುಟ್ಟಿ ನೋಡಿ, ದುರ್ಗಕ್ಕನ ಕಡೆ ತಿರುಗಿದರು.

"ರಾಜನದಾದರೆ ನನಗೆ ಬೇಡ. ದುರ್ಗಮ್ಮ, ನೀವು ಹೇಳಿ. ಇದು ಯಾರದು?"

ರಾಜನದೆಂದರೆ ತನ್ನ ಬಾಯಿಂದ ಸುಳ್ಳು ಹೊರಡಬೇಕು. ಅಲ್ಲವೆಂದರೆ ಸುಬ್ಬಮ್ಮನಿಗೆ ಕೊಟ್ಟ ಮಾತು ಮುರಿಯಬೇಕು. ದುರ್ಗಕ್ಕನ ಮುಖ ಬೆವರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಂಬ ಬಿಟ್ಟು ನೆಟ್ಟಗೆ ನಿಂತು, ಆ ಉದ್ದ ಸ್ವರವನ್ನು ಆದಷ್ಟು ಗಿಡ್ಡ ಮಾಡಿ ಹೇಳಿದಳು:

"ಇದು ಹಾಲು ಕೊಡ್ತದೆ ಸಾಯ್ಬ್ರೇ. ಅದಕ್ಕೆ ನಾ ಜವಾಬು. ಹೆಚ್ಚಿಂದು ನನ್ನ ಕೇಳೂದು ಬೇಡ."

"ಹೇಳೂಕೆ ನಿಂಗೆ ಎಂತ ಕಷ್ಟ? ರಾಜಂದು ಅನ್ನು!" ಎಂದು ಪಟೇಲರು ಗದರಿದರು.

ಬಾಗಿಲ ಮರೆಯಿಂದ ಬಳೆಯ ಸದ್ದಾಯಿತು. ಪರ ಊರಿನ ಗಂಡಸರು ಬಂದಾಗ ಎಂದೂ ಜಗಲಿಗೆ ಬಾರದ ಸುಬ್ಬಮ್ಮ ಹೊಸಿಲು ದಾಟಿ ಬಂದರು. "ಅವಳನ್ನ ಯಾಕೆ ಬೈಯೂದು? ಕಾಳಿನ ಹೊಳೆ ದಾಟ್ಸಿದ್ದು ನಾನು. ಇದು ಹೊನ್ನಾವರದ ಸಿಂಧಿ ಹೋರಿದು."

ಪಟೇಲರು ಹೆಂಡತಿಯನ್ನು ನೋಡಿದರು. ಕಡಸನ್ನು ನೋಡಿದರು. ಅಂಗಳದ ತುದಿಯಲ್ಲಿ ಗೆಜ್ಜೆ ಅಲುಗಿಸುತ್ತ ನಿಂತಿದ್ದ ರಾಜನನ್ನೂ ಒಮ್ಮೆ ನೋಡಿದರು. ಅವರು ನಿಧಾನಕ್ಕೆ ಸಾಹೇಬರ ಕಡೆ ತಿರುಗಿ ಕೇಳಿದರು:

"ಹಂಗಾರೆ ಬೆಲೆ ಹೆಚ್ಚಾತೋ, ಕಮ್ಮಿ ಆತೋ?"

"ಹೆಚ್ಚಾಯಿತು ಪಟೇಲರೇ. ಎರಡು ಪಾಲು ಹೆಚ್ಚು."

"ಹಂಗಾರೆ ದಾಟ್ಸಿದ್ದು ಸರಿ" ಎಂದು ಪಟೇಲರು ಎಲೆಗೆ ಸುಣ್ಣ ಹಚ್ಚತೊಡಗಿದರು. ಅಷ್ಟು ದಿನ ತುಟಿ ಕಚ್ಚಿ ಹಿಡಿದಿದ್ದ ನಗೆಯನ್ನೆಲ್ಲ ಊರು ಆ ಅಂಗಳದಲ್ಲಿ ನಕ್ಕು ಮುಗಿಸಿತು. ಸಾಹೇಬರು ಗಡ್ಡ ಹಿಡಿದುಕೊಂಡು ನಕ್ಕರು. ಕೊನೆಗೆ ಪಟೇಲರೂ ನಕ್ಕರು, ಸ್ವಲ್ಪ ತಡವಾಗಿ.

ಅಂದಿನಿಂದ ದುರ್ಗಕ್ಕ ಮತ್ತು ಸುಬ್ಬಮ್ಮ ಗೆಳತಿಯರಾದರು. ಮಂಕಿಯ ದನಗಳು ದೋಣಿ ಹತ್ತುವುದು ವಾಡಿಕೆಯಾಯಿತು. ಭಟ್ಕಳದಿಂದ, ಜಾಲಿಯಿಂದ ಕೊಳ್ಳುವವರು ಬಂದರೆ ಮೊದಲು ದುರ್ಗಕ್ಕನ ಮನೆ ಎಲ್ಲೆಂದು ಕೇಳುತ್ತಿದ್ದರು. ಮಾರುವವರಿಗೆ ಇದರಿಂದ ಲಾಭವೂ ಇತ್ತು, ಪೀಕಲಾಟವೂ ಇತ್ತು. ಯಾಕೆಂದರೆ ಅವಳು ದೋಷಗಳನ್ನೂ ಬಿಡದೆ ಹೇಳುತ್ತಿದ್ದಳು.

ಮುಂದೆ ನನ್ನ ಗಂಡ ಕುಮಟೆಯಲ್ಲಿ ಸೈಕಲ್ ಅಂಗಡಿ ಹಾಕಿದರು. ನಾವು ಅಲ್ಲಿಗೆ ಹೋದೆವು. ಕೊನೆಯ ಸಲ ಅವಳನ್ನು ನೋಡಿದ್ದು ಒಂದು ಬೇಸಗೆಯಲ್ಲಿ, ಮಂಕಿಗೆ ಹೋದಾಗ. ಮೊಣಕಾಲು ನೋವಿನಿಂದ ಅವಳ ನಡೆ ನಿಧಾನವಾಗಿತ್ತು. ಆ ಹೊತ್ತಿಗೆ ಹೋರಿಯ ಬಳಿ ದನ ಹೋಗಬೇಕಾಗಿರಲಿಲ್ಲ. ಆಸ್ಪತ್ರೆಯ ಹುಡುಗನೊಬ್ಬ ಹೋರಿಯ ವೀರ್ಯ ತುಂಬಿದ ಗಾಜಿನ ನಳಿಗೆಗಳನ್ನು ಐಸಿನ ಡಬ್ಬಿಯಲ್ಲಿಟ್ಟು ಸೈಕಲ್ ಮೇಲೆ ಮನೆಮನೆಗೆ ಬರುತ್ತಿದ್ದ. ದುರ್ಗಕ್ಕ ಮೊದಲು ಒಪ್ಪಿರಲಿಲ್ಲವಂತೆ. "ಗಂಡಿನ ಮುಖ ನೋಡದೆ ಎಂತ ಸಂಬಂಧ?" ಎಂದು ವಾಪಸು ಕಳಿಸಿದ್ದಳು. ಹುಡುಗ ಒಳ್ಳೆಯವನು, ಕೆಲಸ ಬಲ್ಲವನು. ಮುಂದಿನ ಸಲ ಬರುವಾಗ ಆ ಹೋರಿಯ ಫೋಟೋ ತಂದು ಕೈಗಿತ್ತ. ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತೆಂದೂ ವಿವರಿಸಿದ. ಅವಳು ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಅಡ್ಡಿಲ್ಲ, ಮುಖ ಚಲೋ ಇದೆ. ನಡೀಲಿ" ಎಂದಳಂತೆ. ಈ ಕತೆಯನ್ನು ಅವಳೇ ನನಗೆ ನಗುತ್ತ ಹೇಳಿದಳು. ಶ್ರಾವಣದಲ್ಲಿ ಕುಮಟೆಗೆ ಬರುತ್ತೇನೆ, ನಿನ್ನ ಮಕ್ಕಳನ್ನು ನೋಡಬೇಕು ಎಂದೂ ಹೇಳಿದಳು.

ಶ್ರಾವಣ ಬಂತು. ಅವಳ ಬದಲು ಸುದ್ದಿ ಬಂತು. ಎರಡು ದಿನದ ಜ್ವರವಂತೆ. ನಾನು ಹೋಗಿ ಮುಟ್ಟುವಾಗ ಎಲ್ಲ ಮುಗಿದು ಮರುದಿನವಾಗಿತ್ತು. ಜಗಲಿಯಲ್ಲಿ ಮಾಸ್ತಪ್ಪ ಗೋಡೆಗೆ ಒರಗಿ ಕೂತಿದ್ದ. ನನ್ನನ್ನು ಕಂಡು ಕೊಟ್ಟಿಗೆಯ ಕಡೆ ಕೈ ತೋರಿಸಿದ.

ಹೋಗಿ ಬಾಗಿಲಲ್ಲೇ ನಿಂತೆ. ಮಬ್ಬಿನಲ್ಲಿ, ಅವಳ ಹಳೆಯ ನೀಲಿ ಸೀರೆ ಉಟ್ಟು, ಅವಳ ಹಾಗೆಯೇ ಸೆರಗು ಸಿಕ್ಕಿಸಿಕೊಂಡು, ಯಾರೋ ಹಾಲು ಕರೆಯುತ್ತಿದ್ದರು. ಆಕೆ ತಿರುಗಿದಾಗ ಮೂಗುತಿ ಹೊಳೆಯಿತು. ಸುಬ್ಬಮ್ಮ.

"ನಿನ್ನೆಯಿಂದ ಇದು ಯಾರಿಗೂ ಹಾಲು ಬಿಡ್ಲಿಲ್ಲ ತಂಗಿ. ಕೆಚ್ಚಲು ಕಲ್ಲಾಗಿತ್ತು" ಎಂದರು. "ಸತ್ತವರ ಸೀರೆ ಉಡ್ಬೇಡ ಅಂದ್ರು ಎಲ್ಲಾ. ಅದಕ್ಕೆ ಗೊತ್ತಿರೂದು ಈ ಸೀರೆ ಒಂದೇ ಅಲ್ದಾ?"

ಆಕಳು ಒಮ್ಮೆ ಆ ಸೀರೆಯ ಸೆರಗನ್ನು ಮೂಸಿ, ಹುಲ್ಲಿಗೆ ಬಾಯಿ ಹಾಕಿತು. ಸುಬ್ಬಮ್ಮ ಮುಖ ತಿರುಗಿಸಿಕೊಂಡು ಮತ್ತೆ ಕರೆಯತೊಡಗಿದರು.